ಮುದ್ದಣ: ಕ್ಷಯದ ಕಾಲದಲ್ಲೂ ನಗುವಿನ ಕಥೆ ಬರೆದ ಡ್ರಿಲ್ ಮೇಷ್ಟ್ರು

ತುಮಕೂರು: ಹೈಸ್ಕೂಲಿನಲ್ಲಿ ಕನ್ನಡ ಓದಿದ ಹಳಬರನ್ನು ಯಾರನ್ನಾದರೂ ಕೇಳಿ ನೋಡಿ. ಗುಬ್ಬಿಯವರಾಗಲಿ, ಕುಣಿಗಲ್‌ನವರಾಗಲಿ, ಮುದ್ದಣ–ಮನೋರಮೆ ಅಂದ ತಕ್ಷಣ ಮುಖದಲ್ಲಿ ಒಂದು ನಗು ಬಂದೇ ಬರುತ್ತೆ. ಗಂಡ ಕಥೆ ಹೇಳೋದು, ಹೆಂಡತಿ ಮಧ್ಯೆ ಮಧ್ಯೆ ಕಾಲೆಳೆಯೋದು. ಹಳಗನ್ನಡ ಅಂದ್ರೆ ಹೆದರುತ್ತಿದ್ದ ಮಕ್ಕಳೂ ಆ ಪಾಠವನ್ನು ಖುಷಿಯಿಂದ ಓದುತ್ತಿದ್ದರು.

ಆದರೆ ಆ ಪಾಠ ಬರೆದವನಿಗೆ ಕ್ಷಯ ಇತ್ತು, ಕೈಯಲ್ಲಿ ಕಾಸಿರಲಿಲ್ಲ, 31ನೇ ವಯಸ್ಸಿಗೆ ತೀರಿಕೊಂಡ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಪರೀಕ್ಷೆಗೆ ಬೇಕಾದ ಕವಿಪರಿಚಯದಲ್ಲಿ ಹುಟ್ಟಿದ ಊರು, ಬರೆದ ಗ್ರಂಥಗಳು ಇರುತ್ತಿದ್ದವು. ಕಾಯಿಲೆಯ ಮಾತು ಒಂದು ಸಾಲಿಗೆ ಮುಗಿದುಹೋಗುತ್ತಿತ್ತು.

ಮುದ್ದಣ ತೀರಿಕೊಂಡು 2026ರ ಫೆಬ್ರವರಿಗೆ 125 ವರ್ಷ. ಅವನನ್ನು ಬಡತನ, ಕಾಯಿಲೆ ಎರಡನ್ನೂ ಹೊತ್ತುಕೊಂಡು ಬರೆಯುತ್ತಲೇ ಇದ್ದ ಮನುಷ್ಯನಾಗಿಯೂ ಒಮ್ಮೆ ನೋಡೋಣ. ಯಾಕಂದ್ರೆ ಅವನನ್ನು ತಿಂದ ಕಾಯಿಲೆಗೂ ನಮ್ಮ ತುಮಕೂರು ಜಿಲ್ಲೆಗೂ ಒಂದು ನಂಟಿದೆ. ಅದನ್ನು ಮುಂದೆ ಹೇಳುತ್ತೇವೆ.

ನಂದಳಿಕೆಯ ಹುಡುಗ

ಕುಣಿಗಲ್ ಮೇಲೆ ಹಾದುಹೋಗುವ ಮಂಗಳೂರು ಹೆದ್ದಾರಿ ಹಿಡಿದು, ಹಾಸನ ದಾಟಿ, ಶಿರಾಡಿ ಘಾಟಿ ಇಳಿದು, ಕರಾವಳಿಯಲ್ಲಿ ಮತ್ತೆ ಉತ್ತರಕ್ಕೆ ತಿರುಗಿದರೆ ಕಾರ್ಕಳದ ಕಡೆ ನಂದಳಿಕೆ ಅನ್ನೋ ಹಳ್ಳಿ ಸಿಗುತ್ತದೆ. 1870ರ ಜನವರಿ 24ರಂದು ಮುದ್ದಣ ಹುಟ್ಟಿದ್ದು ಅಲ್ಲಿ. ಇಟ್ಟ ಹೆಸರು ಲಕ್ಷ್ಮೀನಾರಾಯಣ. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಮ್ಮ. ಮನೆಯಲ್ಲಿ ಮುದ್ದಿನಿಂದ ಕರೆದ ಹೆಸರೇ ಮುಂದೆ ಕಾವ್ಯನಾಮ ಆಯಿತು.

ಆಗ ನಮ್ಮ ತುಮಕೂರು ಮೈಸೂರು ಸಂಸ್ಥಾನದಲ್ಲಿತ್ತು, ನಂದಳಿಕೆ ಮದರಾಸು ಪ್ರಾಂತ್ಯದಲ್ಲಿತ್ತು. ಮಾತು ಒಂದೇ ಆದರೂ ಸರ್ಕಾರ ಬೇರೆ, ಶಾಲೆ ಬೇರೆ, ಪುಸ್ತಕ ಬೇರೆ. ಮನೆಯಲ್ಲಿ ಬಡತನ, ಹಾಗಾಗಿ ಹೆಚ್ಚು ಓದಲು ಆಗಲಿಲ್ಲ. ಬೇಗ ಕೆಲಸಕ್ಕೆ ಸೇರಬೇಕಿತ್ತು. ಹುಡುಗನ ಮೈಕಟ್ಟು ಚೆನ್ನಾಗಿತ್ತು, ವ್ಯಾಯಾಮದಲ್ಲಿ ಆಸಕ್ತಿ ಇತ್ತು. ಮದರಾಸಿಗೆ ಹೋಗಿ ವ್ಯಾಯಾಮ ಶಿಕ್ಷಕನ ತರಬೇತಿ ಪಡೆದು ಬಂದ. ಉಡುಪಿಯಲ್ಲಿ ಡ್ರಿಲ್ ಮೇಷ್ಟ್ರಾದ. ಮುಂದೆ ಕುಂದಾಪುರ, ಮತ್ತೆ ಉಡುಪಿ ಅಂತ ಶಾಲೆಗಳಲ್ಲೇ ಅವನ ಬದುಕು ಕಳೆಯಿತು.

ಹುಡುಗರನ್ನು ಸಾಲಾಗಿ ನಿಲ್ಲಿಸಿ ಕಸರತ್ತು ಮಾಡಿಸೋದೇ ಅವನ ಉದ್ಯೋಗ. ಗಟ್ಟಿ ದೇಹವೇ ಅವನ ಅನ್ನದ ದಾರಿ. ಅಂಥವನಿಗೆ ಕ್ಷಯ ಬಂತು. ಕ್ಷಯ ಸೋಮಾರಿಗಳಿಗೆ ಬರುತ್ತೆ, ದುರ್ಬಲರಿಗೆ ಮಾತ್ರ ಬರುತ್ತೆ ಅಂತ ಇಂದಿಗೂ ಅಲ್ಲಲ್ಲಿ ಮಾತಾಡುವವರಿದ್ದಾರೆ. ಅವರು ಈ ಡ್ರಿಲ್ ಮೇಷ್ಟ್ರನ್ನು ಒಂದು ಸಲ ನೆನಪಿಸಿಕೊಳ್ಳಬೇಕು.

ಆಟದ ಕೂಟದಿಂದ ಕಾವ್ಯಕ್ಕೆ

ಅವನ ಮನೆಮಾತು ತುಳು. ಕನ್ನಡವನ್ನು ಓದಿ, ಕೇಳಿ ಕಲಿತವನು. ಕರಾವಳಿಯಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನವೇ ಅವನ ಮೊದಲ ಪಾಠಶಾಲೆ. ನಮ್ಮ ಕಡೆ ಮೂಡಲಪಾಯ ಯಕ್ಷಗಾನ ಇದೆಯಲ್ಲ, ಅದರ ಪಡುವಣದ ದಾಯಾದಿ ಅನ್ನಿ. ಉಡುಪಿಯಲ್ಲಿ ಮಳಲಿ ಸುಬ್ಬರಾಯರ ಒಡನಾಟ ಸಿಕ್ಕಿದ ಮೇಲೆ ಹಳಗನ್ನಡ ಕಾವ್ಯಗಳ ರುಚಿ ಹತ್ತಿತು.

ಅವನ ಮೊದಮೊದಲ ರಚನೆಗಳು 'ರತ್ನಾವತಿ ಕಲ್ಯಾಣ' ಮತ್ತು 'ಕುಮಾರ ವಿಜಯ' ಎಂಬ ಯಕ್ಷಗಾನ ಪ್ರಸಂಗಗಳು. ಹಗಲು ಮೈದಾನದಲ್ಲಿ ಡ್ರಿಲ್, ಬಿಡುವಿನಲ್ಲಿ ಓದು, ಬರವಣಿಗೆ. ಹೀಗೆ ಸಾಗಿತ್ತು ದಿನಚರಿ.

1893ರಲ್ಲಿ ಶಿವಮೊಗ್ಗ ಸೀಮೆಯ ಕಮಲಾ ಅವರೊಂದಿಗೆ ಮದುವೆ ಆಯಿತು. ಒಬ್ಬ ಮಗ ಹುಟ್ಟಿದ. ಮೇಷ್ಟ್ರ ಸಂಬಳ ಚಿಕ್ಕದು, ಸಂಸಾರದ ಖರ್ಚು ದೊಡ್ಡದು. ಈ ಕಥೆಯನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೆಸರು ಮುಚ್ಚಿಟ್ಟ ಕವಿ

ಆ ಕಾಲಕ್ಕೆ ಮೈಸೂರಿನಿಂದ 'ಕಾವ್ಯಮಂಜರಿ' ಅನ್ನೋ ಪತ್ರಿಕೆ ಬರುತ್ತಿತ್ತು. ಎಂ.ಎ. ರಾಮಾನುಜಯ್ಯಂಗಾರ್ ಮತ್ತು ಎಸ್.ಜಿ. ನರಸಿಂಹಾಚಾರ್ ಅದರ ಹಿಂದಿದ್ದವರು. ತಾಳೆಗರಿಯಲ್ಲಿ ಕೊಳೆಯುತ್ತಿದ್ದ ಹಳೆಯ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕೋದು ಅವರ ಕೆಲಸ. ನಮ್ಮ ಗುಬ್ಬಿಯ ಮಲ್ಲಣಾರ್ಯ 16ನೇ ಶತಮಾನದ ಕವಿ. ಅಂಥ ಹಿಂದಿನ ಕವಿಗಳಿಗೆ ಅಲ್ಲಿ ಮರ್ಯಾದೆ. ಉಡುಪಿಯ ಇಪ್ಪತ್ತೈದು ವರ್ಷದ ಡ್ರಿಲ್ ಮೇಷ್ಟ್ರು ತಾನೇ ಬರೆದದ್ದನ್ನು ಕಳಿಸಿದರೆ ಯಾರು ಕೇಳ್ತಾರೆ?

ಮುದ್ದಣ ಒಂದು ಉಪಾಯ ಮಾಡಿದ. ತಾನು ಬರೆದದ್ದನ್ನೇ ಯಾವುದೋ ಹಳೆಯ ಕವಿಯ ಗ್ರಂಥ ಅಂತ ಹೇಳಿ ಮೈಸೂರಿಗೆ ಕಳಿಸಿದ. ಹಳಗನ್ನಡ ಅವನ ಕೈಯಲ್ಲಿ ಎಷ್ಟು ಪಳಗಿತ್ತೆಂದರೆ ವಿದ್ವಾಂಸರೂ ನಂಬಿದರು. 'ಅದ್ಭುತ ರಾಮಾಯಣ' 1895ರಲ್ಲಿ ಅಚ್ಚಾಯಿತು. ಮರುವರ್ಷ ವಾರ್ಧಕ ಷಟ್ಪದಿಯ 'ಶ್ರೀರಾಮ ಪಟ್ಟಾಭಿಷೇಕ' ಬಂತು. ಕೊನೆಯದಾಗಿ, 1899ರಿಂದ 1901ರ ನಡುವೆ ಬಂದದ್ದು ಅವನ ಹೆಸರನ್ನು ಶಾಶ್ವತವಾಗಿ ಉಳಿಸಿದ 'ಶ್ರೀರಾಮಾಶ್ವಮೇಧ'. ಚಕ್ರಧಾರಿ, ಮಹಾಲಕ್ಷ್ಮಿ ಅನ್ನೋ ಹೆಸರುಗಳನ್ನೂ ಅವನು ಬಳಸಿದ್ದುಂಟು. ಮಹಾಲಕ್ಷ್ಮಿ ಅನ್ನೋದು ತಾಯಿಯ ಹೆಸರು. ತನ್ನ ಹೆಸರು ಮುಚ್ಚಿಟ್ಟ ಮಗ ಅಮ್ಮನ ಹೆಸರನ್ನು ಮುಂದಿಟ್ಟ.

ಇದರ ಅರ್ಥ ಏನು ನೋಡಿ. ಬದುಕಿರುವಾಗ ಅವನಿಗೆ ಹೊಗಳಿಕೆ ಸಿಗುವ ಹಾಗೇ ಇರಲಿಲ್ಲ. ಪುಸ್ತಕ ಚೆನ್ನಾಗಿದೆ ಅಂತ ಯಾರಾದರೂ ಅಂದರೂ ಆ ಮಾತು ಇಲ್ಲದ ಒಬ್ಬ ಹಳೆಯ ಕವಿಗೆ ಹೋಗುತ್ತಿತ್ತು. ಬರೆದವನು ಇವನೇ ಅನ್ನೋದು ನಾಡಿಗೆ ಖಚಿತವಾಗಿ ಗೊತ್ತಾಗಿದ್ದು ಅವನು ಹೋಗಿ ಎಷ್ಟೋ ವರ್ಷಗಳಾದ ಮೇಲೆ, ವಿದ್ವಾಂಸರು ಬೆನ್ನುಹತ್ತಿ ಹುಡುಕಿದ ನಂತರ.

ದುಡ್ಡಿಗೂ ಅಲ್ಲ, ಹೆಸರಿಗೂ ಅಲ್ಲ. ಹಾಗಾದರೆ ಯಾಕೆ ಬರೆದ?

ಔಷಧಿಯೇ ಇಲ್ಲದ ಕಾಲ

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಅವನ ಕಾಯಿಲೆ ಆಗ ಎಂಥದ್ದಾಗಿತ್ತು ಅನ್ನೋದು ತಿಳಿಯಬೇಕು.

ಕ್ಷಯ ಬರುವುದು ಒಂದು ಸೂಕ್ಷ್ಮಾಣುವಿನಿಂದ ಅಂತ ಜರ್ಮನಿಯ ರಾಬರ್ಟ್ ಕೋಖ್ ಜಗತ್ತಿಗೆ ಹೇಳಿದ್ದು 1882ರ ಮಾರ್ಚ್ 24ರಂದು. ಆಗ ಮುದ್ದಣನಿಗೆ 12 ವರ್ಷ. ಕಾರಣ ಗೊತ್ತಾಯಿತು, ಮದ್ದು ಗೊತ್ತಾಗಲಿಲ್ಲ. ಕ್ಷಯದ ಮೇಲೆ ಕೆಲಸ ಮಾಡುವ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಪತ್ತೆಯಾಗಿದ್ದು 1943ರಲ್ಲಿ. ಅಂದರೆ ಮುದ್ದಣ ಸತ್ತ 42 ವರ್ಷದ ಮೇಲೆ. ಮೈಸೂರಿನ ಹೆಸರಾಂತ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ ಕೂಡ ಶುರುವಾಗಿದ್ದು 1921ರಲ್ಲಿ.

ಅರಮನೆಯವರನ್ನೂ ಆ ಕಾಯಿಲೆ ಬಿಡಲಿಲ್ಲ. ಇನ್ನು ಉಡುಪಿಯ ಮೇಷ್ಟ್ರ ಪಾಡೇನು? ಒಳ್ಳೆಯ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ ಅಂತ ವೈದ್ಯರು ಹೇಳುತ್ತಿದ್ದ ಕಾಲ ಅದು. ಮೂರರಲ್ಲಿ ಗಾಳಿಯೊಂದು ಬಿಟ್ಟಿ ಸಿಗುತ್ತಿತ್ತು. ಉಳಿದೆರಡಕ್ಕೆ ದುಡ್ಡು ಬೇಕಿತ್ತು. ಸಂಜೆಯ ಜ್ವರ, ನಿಲ್ಲದ ಕೆಮ್ಮು, ದಿನದಿನಕ್ಕೆ ಇಳಿಯುವ ತೂಕ ಈ ಕಾಯಿಲೆಯ ಸಾಮಾನ್ಯ ಲಕ್ಷಣಗಳು. ಮೈದಾನದಲ್ಲಿ ಕೂಗಿ ಡ್ರಿಲ್ ಮಾಡಿಸುವ ಉಸಿರು ಇಂಥ ಕಾಯಿಲೆಯಲ್ಲಿ ಎಷ್ಟು ದಿನ ಉಳಿದೀತು?

ಇಂಗ್ಲಿಷ್ ಕವಿ ಜಾನ್ ಕೀಟ್ಸ್ ಇದೇ ಕಾಯಿಲೆಯಿಂದ 1821ರಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ. ರಷ್ಯಾದ ಕಥೆಗಾರ ಚೆಕಾಫ್ ಸ್ವತಃ ಡಾಕ್ಟರು, ಆದರೂ 1904ರಲ್ಲಿ, 44ನೇ ವಯಸ್ಸಿಗೆ ಕ್ಷಯಕ್ಕೆ ಬಲಿಯಾದ. ಕ್ಷಯ ಬಂದರೆ ಪ್ರತಿಭೆ ಬರುತ್ತೆ ಅಂತ ಆ ಕಾಲದ ಯೂರೋಪಿನಲ್ಲಿ ಒಂದು ಹುಚ್ಚು ನಂಬಿಕೆಯೂ ಇತ್ತು. ಅದು ಶುದ್ಧ ಸುಳ್ಳು. ಕ್ಷಯ ಯಾರಿಗೂ ಏನೂ ಕೊಡಲಿಲ್ಲ, ಕಿತ್ತುಕೊಂಡಿತು ಅಷ್ಟೇ. ಮುದ್ದಣನಿಗೆ ಇನ್ನೊಂದು ಮೂವತ್ತು ವರ್ಷ ಸಿಕ್ಕಿದ್ದರೆ ಏನೇನು ಬರೆಯುತ್ತಿದ್ದನೋ!

ಮಳೆಗಾಲದ ಆ ಮನೆ

'ಶ್ರೀರಾಮಾಶ್ವಮೇಧ'ದ ಮೂಲ ಕಥೆ ರಾಮನ ಯಜ್ಞದ ಕುದುರೆಯದು. ಕುದುರೆಯ ಕಾವಲಿಗೆ ಶತ್ರುಘ್ನ, ದಾರಿಯುದ್ದಕ್ಕೂ ಯುದ್ಧಗಳು, ಕೊನೆಗೆ ಲವಕುಶರು. ಆದರೆ ಜನರ ಬಾಯಲ್ಲಿ ಉಳಿದದ್ದು ಆ ಯುದ್ಧಗಳಲ್ಲ. ಕಥೆಯ ಹೊರಗೆ ಕೂತು ಮಾತಾಡುವ ಗಂಡ ಹೆಂಡತಿ.

ಮಳೆಗಾಲ. ಹೊತ್ತು ಕಳೆಯಲು ಒಂದು ಕಥೆ ಹೇಳು ಅಂತ ಮನೋರಮೆ ಗಂಡನನ್ನು ಕೇಳುತ್ತಾಳೆ. ಯಾವ ಕಥೆ, ಪದ್ಯದಲ್ಲೋ ಗದ್ಯದಲ್ಲೋ ಅಂತ ಚರ್ಚೆ ಆಗುತ್ತೆ. ಅವಳಿಗೆ ಪದ್ಯದ ಬಿಗಿ ಬೇಡ, ಗದ್ಯ ಬೇಕು. ಗಂಡ ಗಂಭೀರವಾಗಿ ಸಂಸ್ಕೃತ ಸಮಾಸಗಳನ್ನು ಉದುರಿಸಲು ಹೊರಟರೆ ಅವಳು ಅಲ್ಲೇ ತಡೆಯುತ್ತಾಳೆ, ತಿಳಿಯುವ ಕನ್ನಡದಲ್ಲಿ ಹೇಳು ಅನ್ನುತ್ತಾಳೆ. ಕಥೆ ಹೇಳಿದರೆ ನನಗೇನು ಕೊಡ್ತೀಯ ಅಂತ ಅವನು ಚೌಕಾಶಿ ಮಾಡುತ್ತಾನೆ. ಅವಳೂ ಬಿಡುವವಳಲ್ಲ. ಅರ್ಥವಾಗದಿದ್ದರೆ ಕೇಳುತ್ತಾಳೆ, ರಾಮ ಸೀತೆಯನ್ನು ಕಾಡಿಗಟ್ಟಿದ್ದು ಸರಿಯೇ ಅನ್ನುವಂಥ ಕಡೆ ಮನಸ್ಸು ನೊಂದುಕೊಳ್ಳುತ್ತಾಳೆ.

ಕನ್ನಡ ಸಾಹಿತ್ಯದಲ್ಲಿ ಇದು ಹೊಸದು. ಹಳಗನ್ನಡದ ಚೌಕಟ್ಟಿನೊಳಗೆ ಒಬ್ಬ ಸಾಮಾನ್ಯ ಹೆಣ್ಣುಮಗಳು ಕೂತು, ಕಾವ್ಯ ಹೇಗಿರಬೇಕು ಅಂತ ಕವಿಗೇ ಪಾಠ ಹೇಳುತ್ತಾಳೆ. ಅದಕ್ಕೇ ಮುದ್ದಣನನ್ನು ಹೊಸಗನ್ನಡದ ಮುಂಗೋಳಿ ಅಂತ ಕರೆಯೋದು. ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಮುಂದೆ ಹೊಸಗನ್ನಡ ಕಾವ್ಯಕ್ಕೆ ದಾರಿ ಮಾಡಿಕೊಟ್ಟರಲ್ಲ, ಮುದ್ದಣ ತೀರಿಕೊಂಡಾಗ ಅವರಿಗಿನ್ನೂ 17 ವರ್ಷ.

ಈಗ ಆ ಮನೆಯನ್ನೂ ಈ ಮನೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪುಸ್ತಕದ ಮುದ್ದಣ ಅರಮನೆಯ ನಂಟಿರುವ ಕವಿ, ಮನೆಯಲ್ಲಿ ನೆಮ್ಮದಿ, ಹರಟೆಗೆ ಬೇಕಾದಷ್ಟು ಹೊತ್ತು. ಬರೆಯುತ್ತಿದ್ದ ಮುದ್ದಣ ಶಾಲೆಯ ಮೇಷ್ಟ್ರು, ಮನೆಯಲ್ಲಿ ಕೊರತೆ, ಎದೆಯಲ್ಲಿ ಕಾಯಿಲೆ. ಕೊನೆಯ ವರ್ಷಗಳಲ್ಲಿ ಹೊತ್ತು ಅನ್ನೋದೇ ಅವನ ಬಳಿ ಕಡಿಮೆ ಇದ್ದದ್ದು. ಆ ಪುಸ್ತಕದಲ್ಲಿ ಕೆಮ್ಮಿಲ್ಲ, ಸಾಲವಿಲ್ಲ, ಸಾವಿನ ಭಯವಿಲ್ಲ. ಗಂಡ ಹೆಂಡತಿ ನಗುತ್ತಿದ್ದಾರೆ, ಹೊರಗೆ ಮಳೆ ಬರುತ್ತಿದೆ, ಕಥೆ ಇನ್ನೂ ಮುಗಿದಿಲ್ಲ.

ಬರವಣಿಗೆ ಕೊಟ್ಟಿದ್ದೇನು?

ಮುದ್ದಣನ ಮನಸ್ಸಿನಲ್ಲಿ ಏನಿತ್ತು ಅಂತ ನಾವು ಹೇಳಲು ಬರುವುದಿಲ್ಲ. ಆದರೆ ಅವನು ಮಾಡಿದ ಕೆಲಸ ಕಣ್ಣಮುಂದಿದೆ. ಅದರಿಂದ ಕೆಲವು ಮಾತು ಧೈರ್ಯವಾಗಿ ಹೇಳಬಹುದು.

ಮೊದಲನೆಯದು, ಅವನು ತನ್ನ ಕಾಯಿಲೆಯ ಬಗ್ಗೆ ಬರೆಯಲಿಲ್ಲ. ನೋವನ್ನು ಮರೆಮಾಚಿದ ಅಂತಲ್ಲ, ಕಾಯಿಲೆ ಕೈಹಾಕಲಾಗದ ಒಂದು ಜಾಗವನ್ನು ಕಟ್ಟಿಕೊಂಡ. ದೀರ್ಘ ಕಾಯಿಲೆಯಲ್ಲಿ ಮಲಗಿದವರನ್ನು ಕೇಳಿ ನೋಡಿ, ಅವರಿಗೆ ಅತಿ ಬೇಸರ ತರಿಸೋದು ನೋವಲ್ಲ, ಎಲ್ಲರೂ ತಮ್ಮನ್ನು ರೋಗಿಯಾಗಿ ಮಾತ್ರ ನೋಡೋದು. ಬಂದವರೆಲ್ಲ ಕೇಳೋದು ಒಂದೇ, ಈಗ ಹೇಗಿದ್ದೀರಿ ಅಂತ. ಮನೋರಮೆ ಆ ಪ್ರಶ್ನೆ ಕೇಳುವುದಿಲ್ಲ. ಅವಳು ಕೇಳೋದು, ಆಮೇಲೇನಾಯ್ತು ಅಂತ.

ಎರಡನೆಯದು, ದೊಡ್ಡ ಗ್ರಂಥ ಬರೆಯುವವನಿಗೆ ನಾಳೆ ಅನ್ನೋದು ಬೇಕು. ಇವತ್ತು ಕುದುರೆ ಒಂದು ಊರಿಗೆ ಬಂದಿದೆ, ನಾಳೆ ಇನ್ನೊಂದು ಊರಿಗೆ ಹೋಗಬೇಕು. ಅದನ್ನು ಅಲ್ಲಿಗೆ ಮುಟ್ಟಿಸಬೇಕಾದವನು ಇವನೇ. ಅರ್ಧಕ್ಕೆ ಬಿಟ್ಟರೆ ಲವಕುಶರು ತಂದೆಯನ್ನು ಸೇರುವುದೇ ಇಲ್ಲ. ಮುಗಿಸಲೇಬೇಕಾದ ಒಂದು ಕೆಲಸ ಕೈಯಲ್ಲಿರೋದು ಮನುಷ್ಯನಿಗೆ ಬೆಳಗ್ಗೆ ಏಳಲು ಒಂದು ಕಾರಣ. ಮುದ್ದಣ ಅದನ್ನು ಮುಗಿಸಿದ.

ಮೂರನೆಯದು, ಹೆಸರಿಲ್ಲದೆಯೂ ಆ ಕೆಲಸ ನಡೆಯಿತು. ಬರೆಯೋದು ಅಂದ್ರೆ ಲೈಕು, ಸನ್ಮಾನ, ಶಾಲು ಅಂತ ಲೆಕ್ಕ ಹಾಕುವ ಈ ದಿನಗಳಲ್ಲಿ ಇದು ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ತನ್ನ ವಾಕ್ಯ ಚೆನ್ನಾಗಿ ಬಂದಿದೆ ಅಂತ ತನಗೆ ಗೊತ್ತಾದರೆ ಸಾಕು ಅನ್ನುವ ಸಂತೋಷ ಒಂದಿದೆ. ಒಳ್ಳೆಯ ಬಡಗಿಗೆ, ಒಳ್ಳೆಯ ನೇಕಾರನಿಗೆ ಅದು ಗೊತ್ತು. ಮುದ್ದಣನಿಗೂ ಗೊತ್ತಿತ್ತು ಅನ್ನಿಸುತ್ತದೆ.

ಆದರೆ ಒಂದು ಮಾತು ಸ್ಪಷ್ಟ ಇರಲಿ. ಬರವಣಿಗೆ ಅವನನ್ನು ಉಳಿಸಲಿಲ್ಲ. 1901ರ ಫೆಬ್ರವರಿಯಲ್ಲಿ ಅವನು ತೀರಿಕೊಂಡ. ಚಿಕ್ಕ ವಯಸ್ಸಿನ ಹೆಂಡತಿ, ಎಳೆಯ ಮಗ ಹಿಂದೆ ಉಳಿದರು. ಬರೆಯೋದು ಮನಸ್ಸಿಗೆ ಆಸರೆ, ಶ್ವಾಸಕೋಶಕ್ಕೆ ಮದ್ದಲ್ಲ. ಅವನ ಕಾಲದಲ್ಲಿ ಆಸರೆ ಮಾತ್ರ ಇತ್ತು. ನಮ್ಮ ಕಾಲದಲ್ಲಿ ಎರಡೂ ಇವೆ.

ತುಮಕೂರಿನ ಹಳ್ಳಿಗಳು ಕಲಿಸಿದ್ದು

ಇಲ್ಲಿಂದ ನಮ್ಮ ಜಿಲ್ಲೆಯ ಕಥೆ ಶುರು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ದೇಶಕ್ಕೆ ಹೊಂದುವ ಒಂದು ಕ್ಷಯ ಕಾರ್ಯಕ್ರಮ ರೂಪಿಸೋದು ಅದರ ಕೆಲಸ. 1960–61ರಲ್ಲಿ ಆ ಸಂಸ್ಥೆಯವರು ಸಮೀಕ್ಷೆಗೆ ಆರಿಸಿಕೊಂಡಿದ್ದು ತುಮಕೂರು ಜಿಲ್ಲೆಯನ್ನು. ಹಳ್ಳಿಹಳ್ಳಿಗೆ ಹೋಗಿ ಜನರನ್ನು ಪರೀಕ್ಷೆ ಮಾಡಿದರು. ಜೊತೆಗೆ ಡಿ. ಬ್ಯಾನರ್ಜಿ ಮತ್ತು ಎಸ್. ಆಂಡರ್ಸನ್ ಅನ್ನೋ ಇಬ್ಬರು ಸಮಾಜ ಅಧ್ಯಯನಕಾರರು ರೋಗಿಗಳ ಜೊತೆ ಕೂತು ಮಾತಾಡಿದರು.

ಹಳ್ಳಿಯ ಜನಕ್ಕೆ ತಿಳಿವಳಿಕೆ ಇಲ್ಲ, ಅವರಾಗಿ ಆಸ್ಪತ್ರೆಗೆ ಬರಲ್ಲ ಅಂತ ಅಲ್ಲಿಯವರೆಗೂ ದೊಡ್ಡವರು ನಂಬಿದ್ದರು. ತುಮಕೂರಿನ ಜನ ಅದನ್ನು ಸುಳ್ಳು ಮಾಡಿದರು. ಕಾಯಿಲೆ ಇದ್ದವರಲ್ಲಿ ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆ ಅನ್ನೋದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಕಫದ ಪರೀಕ್ಷೆ ಮಾಡುವ ಬದಲು ಒಂದು ಬಾಟಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಲಾಗಿತ್ತು. ತಪ್ಪು ಜನರದ್ದಲ್ಲ, ವ್ಯವಸ್ಥೆಯದ್ದು ಅಂತ ಗೊತ್ತಾಯಿತು. ಕ್ಷಯಕ್ಕೆ ಬೇರೆ ದೊಡ್ಡ ಆಸ್ಪತ್ರೆ ಕಟ್ಟುವ ಬದಲು, ಜನ ತಾವಾಗಿ ಹೋಗುವ ಊರಿನ ಆರೋಗ್ಯ ಕೇಂದ್ರದಲ್ಲೇ ಪರೀಕ್ಷೆ, ಮಾತ್ರೆ ಸಿಗಬೇಕು ಅನ್ನುವ ತಿಳಿವಳಿಕೆಗೆ ಈ ಅಧ್ಯಯನ ಬಲ ಕೊಟ್ಟಿತು. 1962ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಹಿಡಿದ ದಾರಿಯೂ ಅದೇ. ಇವತ್ತು ದೇಶದ ಯಾವುದೋ ಮೂಲೆಯಲ್ಲಿ ಒಬ್ಬರು ಹತ್ತಿರದ ಆಸ್ಪತ್ರೆಯಲ್ಲಿ ಕ್ಷಯದ ಮಾತ್ರೆ ಪಡೆಯುತ್ತಿದ್ದರೆ, ಅದರ ಹಿಂದೆ ನಮ್ಮ ಹಳ್ಳಿಗಳ ಹೆಸರಿಲ್ಲದ ರೋಗಿಗಳ ಮಾತೂ ಇದೆ.

ಹೆಸರು ಹೇಳಲು ಹೆದರಬೇಡಿ

ಮುದ್ದಣ ಮುಚ್ಚಿಟ್ಟಿದ್ದು ತನ್ನ ಹೆಸರನ್ನು. ನಮ್ಮಲ್ಲಿ ಎಷ್ಟೋ ಜನ ಇಂದಿಗೂ ಮುಚ್ಚಿಡೋದು ಕಾಯಿಲೆಯ ಹೆಸರನ್ನು. ಮಗಳ ಮದುವೆ ನಿಂತುಹೋದೀತು, ಬಾಡಿಗೆ ಮನೆ ಬಿಡಿಸಿಯಾರು, ಗಾರ್ಮೆಂಟ್ಸ್ ಕೆಲಸ ಹೋದೀತು ಅನ್ನೋ ಭಯ. ಈ ಭಯಕ್ಕೆ ಈಗ ಅರ್ಥವಿಲ್ಲ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ತಪ್ಪದೆ ಮಾತ್ರೆ ತೆಗೆದುಕೊಂಡರೆ ವಾಸಿಯಾಗುತ್ತದೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಜ್ವರ, ತೂಕ ಇಳಿಯೋದು, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದಿದ್ದರೂ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ತುಮಕೂರಿನ ಜಿಲ್ಲಾಸ್ಪತ್ರೆಯಾಗಲಿ, ಗುಬ್ಬಿ, ಕುಣಿಗಲ್ ತಾಲೂಕು ಆಸ್ಪತ್ರೆಯಾಗಲಿ, ಪರೀಕ್ಷೆಯೂ ಮಾತ್ರೆಯೂ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ 1,000 ರೂಪಾಯಿ ರೋಗಿಯ ಬ್ಯಾಂಕ್ ಖಾತೆಗೆ ಬರುತ್ತದೆ. ಮುದ್ದಣನ ಮನೆಗೆ ಸಿಗದ ಒಳ್ಳೆಯ ಊಟದ ದುಡ್ಡು ಅದು ಅಂತ ತಿಳಿದುಕೊಳ್ಳಿ.

ಆ ಆರು ತಿಂಗಳು ಮನೆಯಲ್ಲಿ ಹೊತ್ತು ಹೋಗದೆ ಕೂತಿರುವವರು, ಅಥವಾ ಬೇರೆ ಯಾವುದೇ ದೊಡ್ಡ ಕಾಯಿಲೆಯ ಜೊತೆ ಬದುಕುತ್ತಿರುವವರು ನಿಮ್ಮ ಮನೆಯಲ್ಲಿದ್ದರೆ, ಮಾತ್ರೆಯ ಡಬ್ಬಿ ಪಕ್ಕ ಒಂದು ನೋಟ್‌ಬುಕ್, ಒಂದು ಪೆನ್ ಇಡಿ. ಕವಿಯೇ ಆಗಬೇಕಿಲ್ಲ. ಅಜ್ಜಿ ಹೇಳಿದ ಕಥೆ, ಊರಿನ ಕೆರೆಯ ನೆನಪು, ಅಂಗಡಿಯ ಲೆಕ್ಕದ ಜೊತೆ ನಾಲ್ಕು ಮಾತು, ಏನಾದರೂ ಸರಿ. ಬರೆಯಲು ಆಗದಿದ್ದರೆ ಅವರು ಹೇಳಲಿ, ಮನೆಯ ಮಕ್ಕಳು ಬರೆದುಕೊಳ್ಳಲಿ.

ಮನೋರಮೆಯ ಹಾಗೆ ಪಕ್ಕದಲ್ಲಿ ಕೂತು, ಆಮೇಲೇನಾಯ್ತು ಅಂತ ಕೇಳುವ ಒಬ್ಬರು ಇದ್ದರೆ ಸಾಕು.